ಓಗೊಡದ ಬಾವಿ

ಮೇಲಿನ ಮನೆಯ ರಾಗ ಬೆಳಗಾದರೂ ನಿಲ್ಲಲಿಲ್ಲ.

ಕೆಳಗಿನ ಮನೆಯ ಟೈಲರಮ್ಮ ಹಿಂದಿನ ಸಂಜೆಯಿಂದ ಮೂರು ಸಲ ಕೋಲಿನಿಂದ ಚಾವಣಿಗೆ ಕುಟ್ಟಿದ್ದಳು. ಪ್ರಯೋಜನವಾಗಿರಲಿಲ್ಲ. ಎಂಟು ಸ್ವರ, ಒಂದಿಷ್ಟು ಮೌನ, ಮತ್ತೆ ಅದೇ ಎಂಟು ಸ್ವರ. ಹೊಲಿಗೆ ಯಂತ್ರದ ಸದ್ದಿನಲ್ಲೇ ಆಯುಷ್ಯ ಕಳೆದ ಹೆಂಗಸಿಗೂ ಅದು ತಲೆ ಕೊರೆಯತೊಡಗಿತ್ತು. ಏಳು ಗಂಟೆಗೆ ತಾಳ್ಮೆ ಕೆಟ್ಟು ಮೆಟ್ಟಿಲು ಹತ್ತಿದಳು. ತಟ್ಟಿದ ಕೈಗೇ ಬಾಗಿಲು ತೆರೆದುಕೊಂಡಿತು.

ಸಂಗೀತದ ಮೇಷ್ಟ್ರು ಟಿವಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ವಿಡಿಯೋ ಗೇಮಿನ ಜಾಯ್‌ಸ್ಟಿಕ್. ಕಣ್ಣು ತೆರೆದಿತ್ತು. ತುಟಿ ನೀಲಿಗಟ್ಟಿತ್ತು. ಟಿವಿಯಲ್ಲಿ ಒಂದು ಪುಟ್ಟ ಮಿಣುಕುಹುಳ ಬಾವಿಯ ತಳದಲ್ಲಿ ನಿಂತು ಮೇಲಕ್ಕೆ ನೋಡುತ್ತಿತ್ತು.

ಟೈಲರಮ್ಮ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಳು. ಆಮೇಲೆ ಕಿರುಚಿದಳು. ಹಿಂದುಮುಂದಾಗಿದ್ದರೆ ಎಷ್ಟೋ ತಲೆನೋವು ತಪ್ಪುತ್ತಿತ್ತು.

* * *

ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಆ ಫೋಟೋ ಊರೆಲ್ಲ ಸುತ್ತಿ ಬಂದಿತ್ತು. ಜೊತೆಗೊಂದು ಸಾಲು: ‘ಬಾವಿಯ ರಾಗ ಕೊನೆಗೂ ತನ್ನ ಒಡೆಯನನ್ನೇ ನುಂಗಿತು.’

ಇನ್‌ಸ್ಪೆಕ್ಟರ್‌ಗೆ ಐವತ್ತೆರಡು ವರ್ಷ. ಒಬ್ಬಂಟಿ. ಮನೆಯ ಬೀಗ ಹಾಕುವವಳೂ ಅವಳೇ, ತೆಗೆಯುವವಳೂ ಅವಳೇ. ವಾಪಸು ಬಂದಾಗ ಒಳಗೆ ಯಾರಾದರೂ ಮಾತಾಡುತ್ತಿರಲಿ ಎಂದು ರೇಡಿಯೋ ಆರಿಸದೆ ಹೊರಡುವ ಅಭ್ಯಾಸ ಅವಳದು. ಇದನ್ನು ಅವಳು ಯಾರಿಗೂ ಹೇಳಿಲ್ಲ, ಹೇಳಲು ಯಾರೂ ಇಲ್ಲ.

“ಏನಿದು ಬಾವಿಯ ರಾಗ?” ಎಂದು ಕೇಳಿದಳು.

ದಫೇದಾರ ಟಿವಿಯಿಂದ ಮಾರು ದೂರ ನಿಂತಿದ್ದ. “ಗೊತ್ತಿಲ್ವಾ ಮೇಡಂ? ಇದು ‘ಮಿಣುಕನ ಮನೆ’ ಅನ್ನೋ ಗೇಮು. ಮೂವತ್ತು ವರ್ಷ ಹಳೇದು. ದಾರಿ ತಪ್ಪಿದ ಮಿಣುಕುಹುಳ ಅಮ್ಮನನ್ನ ಹುಡುಕ್ಕೊಂಡು ಹೋಗುತ್ತೆ. ಏಳನೇ ಹಂತದಲ್ಲಿ ಈ ಬಾವಿ ಬರುತ್ತೆ. ಈ ರಾಗ ಕೇಳಿದ ಮಕ್ಕಳಿಗೆ ಜ್ವರ ಬಂತು, ಒಬ್ಬ ಮಹಡಿಯಿಂದ ಹಾರಿದ, ಇನ್ನೊಬ್ಬಳಿಗೆ ಮಾತು ನಿಂತ್ಹೋಯ್ತು... ಏನೇನೋ ಹೇಳ್ತಾರೆ.”

“ಯಾರು ಹಾರಿದ್ದು? ಯಾವ ಠಾಣೆ? ಯಾವ ವರ್ಷ?”

“ಅದೆಲ್ಲ ಗೊತ್ತಿಲ್ಲ ಮೇಡಂ. ಆದ್ರೆ ನನ್ನ ಮಗಳು ಅತ್ತಿದ್ದು ನಿಜ. ಟಿವಿ ಆರಿಸಿದ ಮೇಲೂ ಅಳು ನಿಲ್ಲಿಸಲಿಲ್ಲ. ಯಾಕಮ್ಮ ಅಂದ್ರೆ ಹೇಳೋಕೆ ಬರ್ತಿರಲಿಲ್ಲ.”

ರಾಗ ಕಟ್ಟಿದವರು ಈ ಕುರ್ಚಿಯಲ್ಲಿ ಕೂತಿರುವ ಮೇಷ್ಟ್ರೇ. ಮೊದಲು ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದರಂತೆ. ಅವರು ಯಾರೆಂದು ಗೊತ್ತಾದ ಮೇಲೆ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರಂತೆ. ಮೂಲೆಯಲ್ಲಿ ನಾಲ್ಕು ಪುಟ್ಟ ಸ್ಟೂಲುಗಳು ಒಂದರ ಮೇಲೊಂದು ಕೂತಿದ್ದವು. ಮೇಲಿನದರ ಮೇಲೆ ಬೆರಳಿಟ್ಟರೆ ಗುರುತು ಬೀಳುವಷ್ಟು ದೂಳು.

ಡಾಕ್ಟರು ಹೆಣದಿಂದ ತಲೆ ಎತ್ತಿದರು. “ಆಸ್ತಮಾ. ಉಸಿರು ಕಟ್ಟಿದೆ. ನಿನ್ನೆ ಸಂಜೆ ನಾಲ್ಕರಿಂದ ಐದರೊಳಗೆ.”

“ಇನ್‌ಹೇಲರ್ ಎಲ್ಲಿ?”

ಹುಡುಕಿದರು. ಬಚ್ಚಲುಮನೆಯ ಕಪಾಟಿನಲ್ಲಿ, ಸೋಪಿನ ಪಕ್ಕದಲ್ಲಿ ಸಿಕ್ಕಿತು. ಇನ್‌ಸ್ಪೆಕ್ಟರ್ ಕುರ್ಚಿಯ ಬಳಿಗೆ ವಾಪಸು ಬಂದಳು. ಬಲಗೈ ಇಡುವ ಕಡೆ ಒಂದು ದಾರ ಕಟ್ಟಿತ್ತು. ದಾರದ ತುದಿಯಲ್ಲಿ ಖಾಲಿ ಕುಣಿಕೆ.

ಕೈಗವಸು ಹಾಕಿಕೊಂಡು ಜಾಯ್‌ಸ್ಟಿಕ್‌ನ ಗುಂಡಿ ಒತ್ತಿದಳು. ಮಿಣುಕ ಅಲುಗಲಿಲ್ಲ. ಇನ್ನೊಂದು ಒತ್ತಿದಳು. ಊಹೂಂ.

“ಕೆಟ್ಟಿದೆ ಮೇಡಂ,” ಎಂದ ದಫೇದಾರ.

“ಮುಟ್ಟಬೇಡಿ. ಎಲ್ಲ ಇದ್ದ ಹಾಗೇ ಫೋಟೋ ತೆಗೀರಿ. ಟಿವಿ, ಪೆಟ್ಟಿಗೆ, ವೈರು, ಎಲ್ಲ.”

ದಫೇದಾರ ತೆಗೆದ. ಟಿವಿಯ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ, ಅದರ ಪಕ್ಕ ಸೊನ್ನೆ. ಗೇಮಿನ ಪೆಟ್ಟಿಗೆಗೆ ಮುಂದೆ ಎರಡು ಕಿಂಡಿ. ಎಡಗಡೆಯದು ಖಾಲಿ. ಜಾಯ್‌ಸ್ಟಿಕ್‌ನ ವೈರು ಬಲಗಡೆಯದಕ್ಕೆ ಸೇರಿತ್ತು.

* * *

ಮಧ್ಯಾಹ್ನ ಮೇಲಧಿಕಾರಿಯ ಫೋನು ಬಂತು. “ಆಸ್ತಮಾ ತಾನೆ? ಇನ್ನೇನು? ಸೋಮವಾರದೊಳಗೆ ಫೈಲ್ ಮುಚ್ಚಿಬಿಡಿ.”

ಅಂದು ಗುರುವಾರ. ಫೋನಿಟ್ಟು ತಲೆ ಎತ್ತಿದರೆ ಎದುರಿಗೆ ಮೇಷ್ಟ್ರ ಅಕ್ಕ ನಿಂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅತ್ತ ಗುರುತಿರಲಿಲ್ಲ. ಬಸ್ಸಿನಲ್ಲೇ ಅತ್ತು ಮುಗಿಸಿ, ಮುಖ ತೊಳೆದುಕೊಂಡು ಬಂದ ಹಾಗಿತ್ತು.

“ದಿನಾ ಸಂಜೆ ಆರಕ್ಕೆ ಫೋನ್ ಮಾಡ್ತಿದ್ದ,” ಎಂದರು. “‘ಅಕ್ಕಾ’ ಅಂತಿದ್ದ. ನಾನು ‘ಓ’ ಅಂತಿದ್ದೆ. ಆಮೇಲೆ ಮಾತು ಶುರು. ನಿನ್ನೆ ಬರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ.”

“ಇನ್‌ಹೇಲರ್ ಎಲ್ಲಿಡ್ತಿದ್ದರಮ್ಮ?”

“ಕುರ್ಚಿಗೇ ಕಟ್ಟಿಕೊಂಡಿರ್ತಿದ್ದ. ದಾರ ನಾನೇ ಕಟ್ಟಿದ್ದು. ಎಲ್ಲೆಲ್ಲೋ ಮರೆತು ಬರ್ತಾನೆ ಅಂತ.”

“ಈ ಗೇಮ್ ಆಡ್ತಿದ್ದರಾ?”

“ಅವನಾ? ಆ ಪೆಟ್ಟಿಗೇನ ಕಣ್ಣೆತ್ತಿ ನೋಡ್ತಿರಲಿಲ್ಲ. ಅದರ ಹೆಸರೆತ್ತಿದ್ರೆ ಊಟ ಬಿಟ್ಟು ಏಳ್ತಿದ್ದ.” ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. “ಆದ್ರೆ ನಿನ್ನೆ ಬೆಳಗ್ಗೆ ಅಪರೂಪಕ್ಕೆ ಫೋನ್ ಮಾಡಿದ್ದ. ಖುಷಿಯಾಗಿದ್ದ. ಹಳೇ ಸ್ವರದ ಹಾಳೆ ಸಿಕ್ಕಿದೆ ಅಕ್ಕಾ, ಭಾನುವಾರ ಲೈಬ್ರರಿಯಲ್ಲಿ ಎಲ್ಲರ ಮುಂದೆ ಪೂರ್ತಿ ನುಡಿಸ್ತೀನಿ, ಇನ್ನು ಯಾರೂ ನನ್ನ ಕಂಡ್ರೆ ಹೆದರಲ್ಲ ಅಂದ. ಕೈಯಲ್ಲಿ ಹಾಳೆ ಹಿಡ್ಕೊಂಡೇ ಫೋನಲ್ಲಿ ಸ್ವರ ಹೇಳಿದ.”

ಮೇಷ್ಟ್ರ ಮನೆಯಲ್ಲಿ ‘ಬಾವಿ’ ಎಂದು ಬರೆದ ಒಂದು ಕಡತ ಸಿಕ್ಕಿತ್ತು. ಒಳಗೆ ಏನೂ ಇರಲಿಲ್ಲ.

“ನಂಗೆ ಬೇರೇನೂ ಬೇಡ ತಾಯಿ,” ಎಂದರು ಅಕ್ಕ. “ಅವನ ಹಾಡೇ ಅವನನ್ನ ಕೊಂದಿತು ಅಂತ ಮಾತ್ರ ಬರೀಬೇಡಿ. ಮೂವತ್ತು ವರ್ಷ ಆ ಮಾತನ್ನ ಹೊತ್ತುಕೊಂಡು ಬದುಕಿದ. ಸತ್ತ ಮೇಲಾದ್ರೂ ಇಳಿಸಿ.”

ಇನ್‌ಸ್ಪೆಕ್ಟರ್ ಬಾಯಿಬಿಟ್ಟು ಆಗಲಿ ಎನ್ನಲಿಲ್ಲ. ಆದರೆ ಫೈಲು ಮುಚ್ಚಲೂ ಇಲ್ಲ.

* * *

ಮೊದಲ ಅನುಮಾನ ಗುಮ್ಮನ ಮೇಲೆ.

ಗುಮ್ಮ ಎನ್ನುವುದು ಅವನ ವಿಡಿಯೋ ಚಾನೆಲ್ಲಿನ ಹೆಸರು. ಹಳೆಯ ಗೇಮುಗಳ ಭಯಾನಕ ಕಥೆಗೆ ಉಪ್ಪು ಖಾರ ಹಚ್ಚಿ ಹೇಳುವುದು ಅವನ ಕಸುಬು. ‘ಒಡೆಯನನ್ನೇ ನುಂಗಿತು’ ಎಂದು ಬರೆದವನೂ ಅವನೇ, ಅದೂ ಪೊಲೀಸರು ಬರುವ ಮೊದಲು.

ಠಾಣೆಗೆ ಕರೆಸಿದರೆ ಕ್ಯಾಮೆರಾದ ಮುಂದಿನ ಹುಲಿ ಇಲಿಯಾಗಿ ಕೂತಿತು. ಮೂವತ್ತೈದರ ಗಂಡಸು.

“ಫೋಟೋ ಆ ಟೈಲರಮ್ಮ ಕಳಿಸಿದ್ದು ಮೇಡಂ. ನನ್ನ ಚಾನೆಲ್ ನೋಡ್ತಾರೆ.”

“ಬುಧವಾರ ಸಂಜೆ ಎಲ್ಲಿದ್ದೆ?”

“ಲೈವ್‌ನಲ್ಲಿದ್ದೆ. ಮೂರರಿಂದ ಆರರವರೆಗೆ. ಸಾವಿರಾರು ಜನ ನೋಡಿದ್ದಾರೆ.”

ನೋಡಿದ್ದರು. ಅವಳೂ ನೋಡಿದಳು. ಆ ದಾರಿ ಅಲ್ಲಿಗೆ ಮುಚ್ಚಿತು. ಆದರೂ ಅವನನ್ನು ಬಿಡಲಿಲ್ಲ. ಬಾವಿ ಇದ್ದ ಟಿವಿಯ ಫೋಟೋವನ್ನು ಮುಂದಿಟ್ಟಳು. “ಇದರಲ್ಲಿ ಏನು ಕಾಣ್ತಿದೆ ಹೇಳು.”

ಗುಮ್ಮ ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿದ. “ನಕ್ಷತ್ರ ಸೊನ್ನೆ ಇದೆ. ಇದು ಹೇಗೆ?”

“ಹೇಗೆ ಅಂದ್ರೆ?”

“ಬಾವಿಯ ಬಾಗಿಲು ತೆಗೀಬೇಕಂದ್ರೆ ನಲವತ್ತು ನಕ್ಷತ್ರ ಬೇಕು ಮೇಡಂ. ಅದನ್ನ ಕೂಡಿಸೋಕೆ ಕಡಿಮೆ ಅಂದ್ರೂ ಮೂರು ಗಂಟೆ ಆಡಬೇಕು. ಸೊನ್ನೆ ಇಟ್ಕೊಂಡು ಬಾವಿಗೆ ಇಳಿಯೋಕೆ ಸಾಧ್ಯವೇ ಇಲ್ಲ. ಕಳ್ಳದಾರಿ ಏನಾದ್ರೂ ಇದ್ರೆ...” ಅವನ ಕಣ್ಣು ಅರಳಿತು. “ಇದೆ ಅಂತ ಎಲ್ಲೂ ಕೇಳಿಲ್ಲ. ಮೂವತ್ತು ವರ್ಷದಲ್ಲಿ ಯಾರಿಗೂ ಸಿಕ್ಕಿಲ್ಲ.”

“ವೈರು ನೋಡು.”

“ಬಲಗಡೆ ಕಿಂಡಿ ಎರಡನೇ ಆಟಗಾರನದು. ಈ ಗೇಮಲ್ಲಿ ಎರಡನೇ ಆಟಗಾರನೇ ಇಲ್ಲ. ಅಲ್ಲಿ ಹಾಕಿದ್ರೆ ಮಿಣುಕ ಅಲ್ಲಾಡೋದೂ ಇಲ್ಲ. ಪಾಪ, ಮೇಷ್ಟ್ರಿಗೆ ಗೊತ್ತಿರಲಿಲ್ಲ ಅನ್ಸುತ್ತೆ.”

ಅಷ್ಟರಲ್ಲಿ ಪ್ರಯೋಗಾಲಯದವರ ಫೋನು. ಜಾಯ್‌ಸ್ಟಿಕ್‌ನ ಗುಂಡಿಗಳ ಮೇಲೆ ಬೆರಳಚ್ಚಿಲ್ಲ. ಯಾರದೂ ಇಲ್ಲ. ಸತ್ತವರದೂ ಇಲ್ಲ.

ಸತ್ತವರು ಆಡಿ, ಒರೆಸಿ, ಆಮೇಲೆ ಸತ್ತಿರಲಾರರು. ಅಷ್ಟು ಅಚ್ಚುಕಟ್ಟಿನ ಮನುಷ್ಯ ಇನ್‌ಹೇಲರನ್ನು ಸೋಪಿನ ಪಕ್ಕ ಇಡುತ್ತಿರಲಿಲ್ಲ.

* * *

ಗೇಮ್ ಮಾಡಿದವರು ಮೂವರು. ಚಿತ್ರ ಬರೆದಾಕೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ರಾಗ ಕಟ್ಟಿದವರು ಈಗ ಹೋದರು. ಉಳಿದವನು ಪ್ರೋಗ್ರಾಮರ್.

ಅವನದು ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಗೋಡೆಯ ತುಂಬ ಅವನದೇ ಫೋಟೋ. ಅವನು ವೇದಿಕೆಯ ಮೇಲೆ, ಅವನು ಮೈಕಿನ ಮುಂದೆ, ಅವನು ಶಾಲು ಹೊದ್ದು. ಎಲ್ಲದರಲ್ಲೂ ಹಿಂದೆ ಅದೇ ಬಾವಿಯ ಚಿತ್ರ. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಮೇಜಿನ ಮೇಲೆ ತೊಳೆದಿಟ್ಟ ಒಂದೇ ಲೋಟ. ಇನ್‌ಸ್ಪೆಕ್ಟರ್‌ಗೆ ಈ ಲೆಕ್ಕ ಗೊತ್ತಿದ್ದದ್ದೇ. ಅವಳ ಮನೆಯಲ್ಲೂ ಇಷ್ಟೇ.

“ಬನ್ನಿ, ಕೂತ್ಕೊಳ್ಳಿ,” ಎಂದು ಉಪಚರಿಸಿದ. ಮನೆಗೆ ಯಾರೋ ಬಂದದ್ದೇ ಅವನಿಗೊಂದು ಸಂಭ್ರಮ. “ವರ್ಷಕ್ಕೆ ಹತ್ತು ಹನ್ನೆರಡು ಕಡೆ ಕರೀತಾರೆ. ಬಾವಿಯ ರಾಗದ ರಹಸ್ಯ ಹೇಳಿ ಅಂತಾರೆ. ನಾನು ಪೂರ್ತಿ ಹೇಳಲ್ಲ. ಸ್ವಲ್ಪ ಬಾಕಿ ಇಡಬೇಕು.”

“ಮೇಷ್ಟ್ರ ಮನೆಗೆ ಹೋಗಿದ್ದು ಯಾವಾಗ?”

“ಹತ್ತು ವರ್ಷ ಆಯ್ತು. ಗೇಮ್ ಮುಗಿಯೋ ಒಂದು ತಿಂಗಳು ಮುಂಚೆನೇ ಅವನು ಕಂಪನಿ ಬಿಟ್ಟಿದ್ದ. ಜಗಳ ಏನಿಲ್ಲ. ಆಮೇಲೆ ಹಾಗೇ ದೂರವಾದ್ವಿ.”

“ಬಾವಿಗೆ ನೇರ ಹೋಗೋ ಕಳ್ಳದಾರಿ ಇದೆಯಾ ಸರ್?”

ಅವನು ನಕ್ಕ. “ಇದ್ದಿದ್ರೆ ಇಷ್ಟೊತ್ತಿಗೆ ಮಕ್ಕಳು ಕಂಡುಹಿಡೀತಿರಲಿಲ್ವಾ? ಇಲ್ಲ. ನಾನೂ ಮೂರು ಗಂಟೆ ಆಡಿಯೇ ಇಳೀಬೇಕು.”

ಅವಳು ಎದ್ದಳು. ಇನ್ನೂ ಸ್ವಲ್ಪ ಕೂತಿರಿ ಎಂದ. ಬಾಗಿಲವರೆಗೂ ಬಂದ. ಮೆಟ್ಟಿಲಿಳಿಯುವವರೆಗೂ ಬಾಗಿಲು ಹಾಕಿದ ಸದ್ದು ಕೇಳಲಿಲ್ಲ.

* * *

ಶನಿವಾರ ಇನ್‌ಸ್ಪೆಕ್ಟರ್ ಠಾಣೆಯ ಹಿಂದಿನ ಕೋಣೆಯಲ್ಲಿ ಕೂತು, ಗುಮ್ಮನಿಂದ ತರಿಸಿಕೊಂಡ ಪೆಟ್ಟಿಗೆಯಲ್ಲಿ ಗೇಮ್ ಆಡಿದಳು. ಮೂರು ಗಂಟೆಯ ಆಟಕ್ಕೆ ಅವಳಿಗೆ ಆರು ಗಂಟೆ ಬೇಕಾಯಿತು. ಮಿಣುಕ ಜೇಡರ ಬಲೆಗೆ ಬಿದ್ದ, ಕೆಸರಿಗೆ ಬಿದ್ದ, ಕಪ್ಪೆಯ ಬಾಯಿಗೆ ಬಿದ್ದ. ದಫೇದಾರ ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

ನಲವತ್ತನೆಯ ನಕ್ಷತ್ರ ಸಿಕ್ಕಿತು. ಬಾವಿ ತೆರೆಯಿತು.

ಎಂಟು ಸ್ವರ. ಮೌನ. ಎಂಟು ಸ್ವರ. ಮೌನ.

ದಫೇದಾರ ನಗು ನಿಲ್ಲಿಸಿ ಹೊರಟುಹೋದ. ಅವಳು ಕದಲಲಿಲ್ಲ. ರಾಗದಲ್ಲಿ ಭಯವೇನೂ ಇರಲಿಲ್ಲ. ಆದರೆ ಪ್ರತಿ ಸಲ ಮೌನ ಬಂದಾಗಲೂ ಅವಳ ಎದೆ ಏನನ್ನೋ ಕಾದು, ಅದು ಬರದೆ, ಕುಸಿಯುತ್ತಿತ್ತು. ಮಕ್ಕಳು ಏಕೆ ಅತ್ತರೆಂದು ಅವಳಿಗೆ ಅರ್ಥವಾಯಿತು. ಅವರ ಹಾಗೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಪ್ರೋಗ್ರಾಮರ್‌ಗೆ ಫೋನ್ ಮಾಡಿದಳು. “ಫೈಲ್ ಮುಚ್ತಿದ್ದೀವಿ ಸರ್. ನಾಳೆ ಬೆಳಗ್ಗೆ ಮೇಷ್ಟ್ರ ಮನೆಗೆ ಬರ್ತೀರಾ? ಗುಮ್ಮನ ಚಾನೆಲ್‌ನವರು ಕ್ಯಾಮೆರಾ ತರ್ತಾರೆ. ಬಾವಿ ತೋರಿಸಿ ಗೆಳೆಯರ ಬಗ್ಗೆ ನಾಲ್ಕು ಮಾತಾಡಿ.”

“ಬರ್ತೀನಿ, ಖಂಡಿತ ಬರ್ತೀನಿ,” ಎಂದ. ಎಷ್ಟು ಹೊತ್ತಿಗೆ, ಯಾವ ಬಣ್ಣದ ಅಂಗಿ ಹಾಕಲಿ ಎಂದೂ ಕೇಳಿದ.

ಫೋನಿಟ್ಟ ಮೇಲೆ ಅವಳಿಗೆ ತನ್ನ ಮೇಲೇ ಬೇಸರವಾಯಿತು. ಕರೆಯುವವರಿಲ್ಲದವನನ್ನು ಕರೆದು ಬಲೆಗೆ ಹಾಕುವುದು ಸುಲಭ.

* * *

ಭಾನುವಾರ. ಮೇಷ್ಟ್ರ ಕೋಣೆ. ಅಕ್ಕ ಒಂದು ಪುಟ್ಟ ಸ್ಟೂಲಿನ ದೂಳು ಒರೆಸಿ ಕೂತಿದ್ದರು. ಗುಮ್ಮ ಕ್ಯಾಮೆರಾ ಹಿಡಿದಿದ್ದ. ಪ್ರೋಗ್ರಾಮರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಬಂದ. ಜಾಯ್‌ಸ್ಟಿಕ್‌ನ ವೈರನ್ನು ಇನ್‌ಸ್ಪೆಕ್ಟರ್ ಮೊದಲೇ ಕಿತ್ತಿಟ್ಟಿದ್ದಳು.

“ಮೂರು ಗಂಟೆ ಆಗುತ್ತಲ್ಲ,” ಎಂದಳು. “ಅಷ್ಟು ಹೊತ್ತು ಕಾಯ್ತೀವಿ. ಶುರು ಮಾಡಿ ಸರ್.”

“ಅಷ್ಟೇನೂ ಬೇಡ. ನೀವು ಕ್ಯಾಮೆರಾ ಸರಿ ಮಾಡ್ಕೊಳ್ಳಿ. ನಾನು ಮನೆಯಲ್ಲೇ ಆಡಿ ತಯಾರಿಟ್ಟಿರೋ ಗೇಮಿನ ಕ್ಯಾಸೆಟ್ ತಂದಿದ್ದೀನಿ.”

ಅವನು ಕ್ಯಾಸೆಟ್ ಹಾಕಿದ, ಜಾಯ್‌ಸ್ಟಿಕ್ ಎತ್ತಿಕೊಂಡ, ಜನರಿಗೆ ಬೆನ್ನು ಮಾಡಿ ಬಗ್ಗಿದ. ಕೈ ತಾನಾಗಿ ಬಲಗಡೆಯ ಕಿಂಡಿಗೆ ಹೋಯಿತು. ಪಿನ್ನು ಸಿಕ್ಕಿಸಿತು. ಬೆರಳುಗಳು ಸರಸರನೆ ಆಡಿದವು.

“ಆ ಕ್ಯಾಸೆಟ್‌ಗೆ ಆಡಿದ್ದನ್ನ ನೆನಪಿಟ್ಕೊಳ್ಳೋಕೆ ಬರೋದೇ ಇಲ್ವಲ್ಲ!” ಎಂದ ಗುಮ್ಮ.

ಟಿವಿಯಲ್ಲಿ ಬಾವಿ ಮೂಡಿತು. ಮೂಲೆಯಲ್ಲಿ ನಕ್ಷತ್ರ, ಸೊನ್ನೆ.

“ಅಲ್ಲೇ ಬಿಡಿ ಸರ್,” ಎಂದಳು ಇನ್‌ಸ್ಪೆಕ್ಟರ್. “ವೈರು ಎಡಗಡೆಗೆ ಬದಲಾಯಿಸಬೇಡಿ. ಬುಧವಾರವೂ ನೀವು ಬದಲಾಯಿಸಲಿಲ್ಲ.”

ಅವನ ಕೈ ಗಾಳಿಯಲ್ಲೇ ನಿಂತಿತು.

“ಕಳ್ಳದಾರಿ ಇಲ್ಲ ಅಂದ್ರಿ. ಇದೆ. ಗೇಮನ್ನ ಪರೀಕ್ಷೆ ಮಾಡುವಾಗ ದಿನಾ ಮೂರು ಗಂಟೆ ಆಡೋಕಾಗಲ್ಲ ಅಂತ ನೀವೇ ಮಾಡಿಕೊಂಡಿದ್ದು. ಮಕ್ಕಳಿಗೆ ಸಿಗದಿರಲಿ ಅಂತ ಯಾರೂ ಬಳಸದ ಕಿಂಡಿಯಲ್ಲಿ ಇಟ್ರಿ. ವೇದಿಕೆ ಮೇಲೆ ಹೀಗೇ ಬೆನ್ನು ತಿರುಗಿಸಿ ಬಾವಿ ತರಿಸ್ತೀರಿ. ಅವತ್ತು ರಾಗ ಓಡಿದ್ರೆ ಸಾಕಿತ್ತು, ಮಿಣುಕನನ್ನ ಅಲ್ಲಾಡಿಸೋ ಕೆಲಸ ಇರಲಿಲ್ಲ. ವೈರು ಹಾಗೇ ಬಿಟ್ಟು ಹೋದ್ರಿ.”

“ಅವನಿಗೂ ಗೊತ್ತಿರಬಹುದು,” ಎಂದ. ದನಿ ಒಣಗಿತ್ತು.

“ಪರೀಕ್ಷೆ ನಡೆಯೋ ಹೊತ್ತಿಗೆ ಅವರು ಕಂಪನಿಯಲ್ಲೇ ಇರಲಿಲ್ಲ. ನೀವೇ ಹೇಳಿದ್ರಿ. ಆಡದೇ ಇದ್ದವರ ಮಡಿಲಲ್ಲಿ ಜಾಯ್‌ಸ್ಟಿಕ್ ಇತ್ತು, ಅದರ ಮೇಲೆ ಅವರ ಒಂದು ಬೆರಳೂ ಇಲ್ಲ. ಕುರ್ಚಿಯಲ್ಲಿ ಇರಬೇಕಾದ ಇನ್‌ಹೇಲರ್ ಬಚ್ಚಲಿನಲ್ಲಿತ್ತು. ಬುಧವಾರ ಬೆಳಗ್ಗೆ ಅವರ ಕೈಯಲ್ಲಿದ್ದ ಹಾಳೆ ಇಲ್ಲ. ಹಾಳೆ ಎಲ್ಲಿ ಸರ್? ನಿಮ್ಮ ಮನೆ ಹುಡುಕಲಾ?”

ಎಂಟು ಸ್ವರ. ಮೌನ. ಎಂಟು ಸ್ವರ. ಮೌನ.

ಅವನು ಚರ್ಮದ ಚೀಲ ತೆರೆದ. ಹಳದಿಯಾದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಮೂರು ಸಾಲು ಸ್ವರ. ಮೂರನೆಯ ಸಾಲಿನ ಮೇಲೆ ಕೆಂಪು ಪೆನ್ಸಿಲಿನ ಗೀಟು. ಪಕ್ಕದಲ್ಲಿ ಅವನದೇ ಅಕ್ಷರ: ‘ಜಾಗ ಇಲ್ಲ. ತೆಗೆದಿದೆ.’

“ನಾಲ್ಕು ದಿನದಿಂದ ಹೊತ್ತುಕೊಂಡು ತಿರುಗ್ತಿದ್ದೀನಿ,” ಎಂದ. “ಹರಿಯೋಕೆ ಕೈ ಬರಲಿಲ್ಲ.”

“ಯಾಕೆ ಸರ್?”

“ಕ್ಯಾಸೆಟ್‌ನಲ್ಲಿ ಜಾಗ ಸಾಲಲಿಲ್ಲ. ಒಂದು ದನಿ ಕಿತ್ತುಹಾಕಿದೆ. ಅಷ್ಟೇ ರಹಸ್ಯ. ಇಷ್ಟೇ ಇಷ್ಟು. ಮಕ್ಕಳು ಅತ್ತರು, ಕಥೆ ಹುಟ್ಟಿತು, ಜನ ನನ್ನ ಕರೆಯೋಕೆ ಶುರು ಮಾಡಿದ್ರು. ಭಾನುವಾರ ಇದನ್ನ ಎಲ್ಲರ ಮುಂದೆ ಹೇಳೋಣ ಬಾ ಅಂದ. ಹೇಳಿದ ಮೇಲೆ ನನ್ನನ್ನ ಯಾರು ಕರೀತಾರೆ ಮೇಡಂ? ನನ್ನ ಹತ್ರ ಇನ್ನೇನಿದೆ?”

“ಆಮೇಲೆ?”

“ಮಾತಿಗೆ ಮಾತು ಬೆಳೀತು. ಅವನಿಗೆ ಉಬ್ಬಸ ಬಂತು. ದಾರಕ್ಕೆ ಕೈ ಚಾಚಿದ. ನಾನು ಮೊದಲೇ ಬಿಚ್ಚಿಕೊಂಡೆ. ಹೇಳಲ್ಲ ಅನ್ನು, ಕೊಡ್ತೀನಿ ಅಂದೆ.” ಅವನು ಅಕ್ಕನ ಕಡೆ ನೋಡಲಿಲ್ಲ. “ಅವನು ತಲೆ ಅಲ್ಲಾಡಿಸಿದ. ಆಗಲ್ಲ ಅಂತ. ಕೊನೆವರೆಗೂ ಆಗಲ್ಲ ಅಂತಲೇ ಅಲ್ಲಾಡಿಸಿದ. ನಾನು ಕೊಲ್ಲಲಿಲ್ಲ. ಕೊಡಲಿಲ್ಲ, ಅಷ್ಟೇ.”

“ಆಮೇಲೆ ಕಥೆಗೊಂದು ಕೊನೆ ಬರೆದ್ರಿ,” ಎಂದಳು ಇನ್‌ಸ್ಪೆಕ್ಟರ್. “ರಾಗವೇ ನುಂಗಿತು ಅಂತ. ಇನ್ನೂ ಇಪ್ಪತ್ತು ವರ್ಷ ವೇದಿಕೆಗೆ ಸಾಕಾಗ್ತಿತ್ತು.”

ದಫೇದಾರ ಅವನ ರಟ್ಟೆ ಹಿಡಿದು ಕರೆದುಕೊಂಡು ಹೋದ. ಮೆಟ್ಟಿಲ ಮೇಲೆ ಅವನ ಹೊಸ ಚಪ್ಪಲಿಯ ಸದ್ದು ಕೆಳಗಿಳಿಯಿತು.

* * *

ಇನ್‌ಸ್ಪೆಕ್ಟರ್ ಟಿವಿ ಆರಿಸಲು ಹೋದಳು.

“ಬೇಡ ತಾಯಿ,” ಎಂದರು ಅಕ್ಕ. ಹಾಳೆಯನ್ನು ಕೈಗೆತ್ತಿಕೊಂಡಿದ್ದರು. ಅದನ್ನು ನೋಡುವ ಅಗತ್ಯ ಅವರಿಗಿರಲಿಲ್ಲ. “ಚಿಕ್ಕವನಿದ್ದಾಗ ಕತ್ತಲೆ ಕಂಡ್ರೆ ಹೆದರ್ತಿದ್ದ. ಹಿತ್ತಲ ಕಡೆ ಹೋಗಬೇಕಾದ್ರೆ ಅಲ್ಲಿಂದ ಅಕ್ಕಾ, ಅಕ್ಕಾ ಅಂತಿದ್ದ. ನಾನು ಇಲ್ಲಿಂದ ಓ ಅನ್ನಬೇಕು. ಸುಮ್ಮನಾದ್ರೆ ಅತ್ತುಬಿಡ್ತಿದ್ದ. ಅದನ್ನೇ ರಾಗ ಮಾಡಿದ್ದ. ಬಾವಿಯಿಂದ ಮಗು ಕರೆಯುತ್ತೆ, ಮೇಲಿನಿಂದ ಅಮ್ಮ ಓಗೊಡ್ತಾಳೆ. ಇವರು ಓ ಅನ್ನೋದನ್ನ ತೆಗೆದುಬಿಟ್ಟರು.”

ಎಂಟು ಸ್ವರ ಬಂದವು. ಮೌನ ಬಂತು. ಆ ಮೌನದೊಳಗೆ ಅಕ್ಕ, ನಡುಗುವ ಮುದಿದನಿಯಲ್ಲಿ, ಮೂರನೆಯ ಸಾಲನ್ನು ಗುನುಗಿದರು.

ಮತ್ತೆ ಎಂಟು ಸ್ವರ. ಮತ್ತೆ ಅಕ್ಕ. ಅಷ್ಟೇ. ಅದೊಂದು ಜೋಗುಳ. ಜಗತ್ತಿನಲ್ಲಿ ಯಾವ ಮಗುವೂ ಹೆದರದ ಜೋಗುಳ.

ಗುಮ್ಮ ಕ್ಯಾಮೆರಾ ಕೆಳಗಿಟ್ಟಿದ್ದ. ಏಳು ವರ್ಷದವನಿದ್ದಾಗ ಇದೇ ಬಾವಿಯ ಮುಂದೆ ಅತ್ತು, ಅರ್ಧಕ್ಕೆ ನಿಲ್ಲಿಸಿದ ಅಳುವನ್ನು ಈಗ ಮುಗಿಸುತ್ತಿದ್ದ. ಅಂದೇ ಮಧ್ಯಾಹ್ನ ಆ ಜೋಗುಳವನ್ನು ಪೂರ್ತಿಯಾಗಿ, ಉಪ್ಪು ಖಾರವಿಲ್ಲದೆ, ಮೇಷ್ಟ್ರ ಹೆಸರು ಹಾಕಿ ತನ್ನ ಚಾನೆಲ್ಲಿನಲ್ಲಿ ಬಿಟ್ಟ.

ಫೈಲಿನ ಕೊನೆಯ ಪುಟದಲ್ಲಿ ಇನ್‌ಸ್ಪೆಕ್ಟರ್ ಬರೆದಳು: ಸಾವಿಗೂ ಸಂಗೀತಕ್ಕೂ ಯಾವ ಸಂಬಂಧವೂ ಇಲ್ಲ.

ಸೋಮವಾರ ಸಂಜೆ ಮನೆಯ ಬೀಗ ತೆಗೆದಳು. ಒಳಗೆ ರೇಡಿಯೋ ಯಾರಿಗೋ ಹವಾಮಾನ ಹೇಳುತ್ತಿತ್ತು. ಅದನ್ನು ಆರಿಸಿದಳು. ಮನೆ ಮೌನವಾಯಿತು. ಗಡಿಯಾರ ಆರು ತೋರಿಸುವವರೆಗೆ ಫೋನು ಹಿಡಿದು ಕೂತಳು. ಆಮೇಲೆ ಫೈಲಿನಿಂದ ಬರೆದುಕೊಂಡ ನಂಬರು ಒತ್ತಿದಳು.

ಆ ಕಡೆ ಫೋನು ಎತ್ತಿದರು. ಏನು ಹೇಳಬೇಕೆಂದು ಅವಳು ಯೋಚಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

“ಅಕ್ಕಾ,” ಎಂದಳು.

ಬಹಳ ಹೊತ್ತು ಏನೂ ಕೇಳಲಿಲ್ಲ.

“ಓ,” ಎಂದರು ಅಕ್ಕ.